ಕಡಲ ಬದಿಯ ದಾರಿ ಮತ್ತು ಸೇಸಕ್ಕನ ಗುಂಡಿ

ಈಗ ಈ ಕೆಲಸಕ್ಕೆ ಸೇರುವ ಮಕ್ಕಳ ಕೈಯಲ್ಲಿ ಒಂದು ಹತ್ತಿಯ ಕಡ್ಡಿ ಇರುತ್ತದೆ. ಕೆನ್ನೆಯ ಒಳಗೆ ಒಮ್ಮೆ ತಿರುಗಿಸಿ ಕೊಳವೆಗೆ ಹಾಕಿದರೆ ಆಯಿತು. ಆ ಮನುಷ್ಯನ ಅಜ್ಜಿಯ ಅಜ್ಜಿಯ ಅಜ್ಜಿ ಯಾವ ಕಡೆಯಿಂದ ನಡೆದು ಬಂದಳೆಂದು ಯಂತ್ರ ಹೇಳುತ್ತದೆಯಂತೆ. ಕಳೆದ ತಿಂಗಳು ಅಂಥ ಇಬ್ಬರು ಹುಡುಗಿಯರು ಅಲೆವೂರಿನ ನಮ್ಮ ಮನೆಗೆ ಬಂದಿದ್ದರು. "ಆಂಟಿ, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದು ಕೇಳಿದರು. ನಾನು ಹೇಳಲು ಶುರುಮಾಡಿದೆ. ಚಹಾ ಎರಡು ಸಲ ಆಯಿತು, ಅವರ ಬಸ್ಸು ಎರಡು ಸಲ ತಪ್ಪಿತು. ಮುಂದಿನದಾದರೂ ಸಿಗಲಿ ಎಂದು, ಉಳಿದದ್ದನ್ನು ಬರೆದು ಕೊಡುತ್ತೇನೆಂದು ಹೇಳಿ ಕಳುಹಿಸಿದೆ. ಇದು ಆ ಉಳಿದದ್ದು.

ಭಾಷೆಯಲ್ಲಿ ಹಳತು ಕಂಡರೆ ಕ್ಷಮಿಸಬೇಕು. ನನ್ನ ಕನ್ನಡ ಶಾಲೆಗಿಂತ ಹೆಚ್ಚು ಅಜ್ಜನಿಂದ ಬಂದದ್ದು. ಅವರು ತುಳುವಿನಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವವರು. ಹಾಗಾಗಿ ನನಗೆ ಕನ್ನಡವೆಂದರೆ ಇಂದಿಗೂ ಸಮಾಧಾನದ ಮಾತು.

ನಾನು ನರ್ಸಿಂಗ್ ಕಲಿತವಳು. ಎಪ್ಪತ್ತರ ದಶಕದ ಆರಂಭದಲ್ಲಿ ಮಣಿಪಾಲದ ಗುಡ್ಡದ ಮೇಲೆ ಒಂದು ಸಣ್ಣ ಸಂಶೋಧನಾ ಘಟಕಕ್ಕೆ ಸೇರಿದೆ. ಘಟಕವೆಂದರೆ ಎರಡು ಕೋಣೆ, ಗೊರಕೆ ಹೊಡೆಯುವ ಒಂದು ಫ್ರಿಜ್, ಅದಕ್ಕಿಂತ ಜೋರಾಗಿ ಗೊರಕೆ ಹೊಡೆಯುವ ಒಂದು ಜೀಪು. ಜೀಪಿಗೆ ಮೋನಪ್ಪಣ್ಣ ಡ್ರೈವರ್. ಇವೆಲ್ಲಕ್ಕೂ ಯಜಮಾನರು ಡಾಕ್ಟರ್ ಕಿಣಿ. ನನ್ನನ್ನು ಸಂದರ್ಶನ ಮಾಡಿದ್ದು ಅವರೇ.

"ಊರು ಯಾವುದು?"

"ಅಲೆವೂರು ಸರ್."

"ಅದಕ್ಕಿಂತ ಮೊದಲು?"

"ಅಜ್ಜಿಯ ಮನೆ ಪೆರ್ಡೂರು."

"ಅದಕ್ಕಿಂತ ಮೊದಲು?"

"ಗೊತ್ತಿಲ್ಲ ಸರ್."

"ಭಾರೀ ಒಳ್ಳೆಯದು. ನನಗೂ ಗೊತ್ತಿಲ್ಲ. ಅದನ್ನು ಹುಡುಕುವುದೇ ಇಲ್ಲಿ ಕೆಲಸ. ನಾಳೆಯಿಂದ ಬನ್ನಿ."

ಮರುದಿನ ಜೀಪಿನ ಬಾನೆಟ್ಟಿನ ಧೂಳಿನ ಮೇಲೆ ಬೆರಳಿನಿಂದ ಒಂದು ನಕಾಶೆ ಬರೆದು ತೋರಿಸಿದರು. ಮನುಷ್ಯ ಕುಲದ ಮೊದಲ ಮನೆ ಆಫ್ರಿಕ ಎಂದು ಅವರ ನಂಬಿಕೆ. ಅಲ್ಲಿಂದ ಹೊರಟವರು ಬೇರೆ ಕಡೆಗೆಲ್ಲ ಹೇಗೆ ಹೋದರು? ಒಂದು ದಾರಿ ಒಳನಾಡಿನದು: ಉತ್ತರಕ್ಕೆ ಹತ್ತಿ, ಬೆಟ್ಟಗಳ ಸಂದಿನಲ್ಲಿ ನುಸುಳಿ, ಬಯಲು ದಾಟಿ, ಕೊನೆಗೆ ಘಟ್ಟ ಇಳಿದು ನಮ್ಮಲ್ಲಿಗೆ. ಇನ್ನೊಂದು ಕಡಲ ಬದಿಯದು: ಅರಬರ ನಾಡಿನ ತೆಂಕಣ ಅಂಚು ಹಿಡಿದು, ಸಮುದ್ರವನ್ನು ಬಲಗೈಗೆ ಬಿಟ್ಟುಕೊಂಡು, ಚಿಪ್ಪು ಮೀನು ಹೆಕ್ಕಿ ತಿನ್ನುತ್ತ, ತಲೆಮಾರಿಗೆ ಒಂದಿಷ್ಟರಂತೆ ಮುಂದುವರಿದು ನಮ್ಮ ಕರಾವಳಿಗೆ, ಇಲ್ಲಿಂದ ಮತ್ತೂ ಮುಂದಕ್ಕೆ. ಕಿಣಿ ಡಾಕ್ಟ್ರಿಗೆ ಎರಡನೆಯದರ ಮೇಲೆ ಪ್ರೀತಿ. ಪ್ರೀತಿ ಎಂದೇ ಹೇಳಬೇಕು, ಆಗ ಪುರಾವೆ ಇರಲಿಲ್ಲ.

ಮೋನಪ್ಪಣ್ಣ ನಕಾಶೆಯನ್ನು ಓರೆಗಣ್ಣಿನಲ್ಲಿ ನೋಡಿದ. "ಅಷ್ಟು ದೂರ ನಡೆದೇ ಬಂದದ್ದಾ ಡಾಕ್ಟ್ರೇ?"

"ನಡೆದೇ."

"ನಮ್ಮ ಜೀಪಿನಲ್ಲಿ ಹೊರಟಿದ್ದರೆ ಇನ್ನೂ ಮುಟ್ಟುತ್ತಿರಲಿಲ್ಲ ಬಿಡಿ" ಎಂದು ಅವನು ನಕಾಶೆಯನ್ನು ಬಟ್ಟೆಯಿಂದ ಒರೆಸಿಬಿಟ್ಟ.

ಮೊದಲ ವರ್ಷಗಳ ಕೆಲಸವೆಂದರೆ ತಲೆ ಅಳೆಯುವುದು. ಇಕ್ಕುಳದಂಥ ಒಂದು ಸಾಧನ ಹಿಡಿದು ತಲೆಯ ಉದ್ದ, ಅಗಲ, ಮೂಗಿನ ಎತ್ತರ ಎಲ್ಲ ತೆಗೆಯಬೇಕು. ಆ ಕಾಲದ ವಿಜ್ಞಾನ ಹಾಗಿತ್ತು. ಮೂಗು ನೋಡಿ ಮೂಲ ಹೇಳಬಹುದೆಂದು ನಂಬಿದ್ದರು. ಕಾರ್ಕಳದ ಸಂತೆಯ ದಿನ ಒಂದು ಅಂಗಡಿಯ ಜಗಲಿಯಲ್ಲಿ ಕುಳಿತೆವು. ಬೆಳಿಗ್ಗೆಯೆಲ್ಲ ಯಾರೂ ತಲೆ ಕೊಡಲಿಲ್ಲ. ಅಡಿಕೆ ಜಗಿಯುತ್ತಿದ್ದ ಒಬ್ಬರು, "ಅಲ್ಲಾಡದೆ ನಿಲ್ಲುವವರು ಬೇಕಿದ್ದರೆ ಬೆಟ್ಟದ ಮೇಲೆ ಗೊಮ್ಮಟ ಉಂಟಲ್ಲ, ಅಲ್ಲಿಗೆ ಹೋಗಿ. ಏಣಿ ಮಾತ್ರ ನೀವೇ ತರಬೇಕು" ಎಂದರು. ಮಧ್ಯಾಹ್ನದ ಹೊತ್ತಿಗೆ ಮಾತ್ರ ಇದ್ದಕ್ಕಿದ್ದ ಹಾಗೆ ಸಾಲು ಬೆಳೆಯಿತು. ಅಳೆಸಿಕೊಂಡವರೇ ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಲ್ಲುತ್ತಿದ್ದರು. ಕಿಣಿ ಡಾಕ್ಟ್ರಿಗೆ ಎಲ್ಲಿಲ್ಲದ ಸಂತೋಷ, ಜನರಲ್ಲಿ ವಿಜ್ಞಾನದ ಆಸಕ್ತಿ ಹುಟ್ಟಿತೆಂದು. ಸಂಜೆ ಗುಟ್ಟು ಬಯಲಾಯಿತು. ಸರಕಾರದವರು ಎಲ್ಲರಿಗೂ ಪುಕ್ಕಟೆ ಟೊಪ್ಪಿ ಕೊಡುತ್ತಾರೆ, ಅದಕ್ಕೆ ಅಳತೆ ತೆಗೆಯುವುದು ಎಂದು ಯಾರೋ ಹಬ್ಬಿಸಿದ್ದರು. ಎಷ್ಟೋ ವರ್ಷ ಕಳೆದ ಮೇಲೂ ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಒಬ್ಬರು, "ಬಾಯಮ್ಮ, ಆ ಟೊಪ್ಪಿ ಎಂತ ಆಯಿತು?" ಎಂದು ಕೇಳಿದ್ದುಂಟು. ನಮ್ಮ ಕಡೆ ನರ್ಸುಗಳನ್ನು ಬಾಯಮ್ಮ ಎನ್ನುತ್ತಾರೆ.

ಆಮೇಲೆ ಮೂಗಿನ ಕಾಲ ಹೋಗಿ ರಕ್ತದ ಕಾಲ ಬಂತು. ಗುಂಪು ನೋಡುವುದು, ಒಳಗಿನ ಬೇರೆ ಬೇರೆ ಅಂಶ ನೋಡುವುದು. ಸೂಜಿ ಹಿಡಿದು ಮನೆಮನೆಗೆ ಹೊರಟ ಆ ಹೊತ್ತಿಗೆ ಸರಿಯಾಗಿ ತುರ್ತುಪರಿಸ್ಥಿತಿ ಬಂತು. ಜೀಪಿನಲ್ಲಿ ಬಿಳಿ ಕೋಟಿನವರು ಬಂದರೆಂದರೆ ಗಂಡಸರನ್ನು ಹಿಡಿದು ಆಪರೇಷನ್ ಮಾಡಲಿಕ್ಕೆ ಎಂದೇ ಲೆಕ್ಕ. ಉದ್ಯಾವರದ ಒಂದು ಮನೆಯಲ್ಲಿ ಹೆಂಗಸೊಬ್ಬಳು ಬಾಗಿಲಿಗೆ ಅಡ್ಡ ನಿಂತು, "ನಮ್ಮಲ್ಲಿ ಗಂಡಸರೇ ಇಲ್ಲ" ಎಂದಳು. ಅಷ್ಟರಲ್ಲಿ ಮೇಲಿನ ಅಟ್ಟದಿಂದ ಎರಡು ಸಲ ಕೆಮ್ಮು ಕೇಳಿಸಿತು.

"ಅದು ಯಾರು?" ಎಂದೆ.

"ಬೆಕ್ಕು."

ಮೋನಪ್ಪಣ್ಣ ತಲೆ ಎತ್ತಿ ಅಟ್ಟಕ್ಕೆ ಕೇಳುವ ಹಾಗೆ, "ಬೆಕ್ಕಿಗೆ ಶುಂಠಿ ಕಷಾಯ ಕೊಡಿ ಅಕ್ಕ. ಬೀಡಿ ಸ್ವಲ್ಪ ಕಡಿಮೆ ಮಾಡಲಿಕ್ಕೂ ಹೇಳಿ" ಎಂದ. ಮೇಲಿನಿಂದ ನಗು ಬಂತು, ನಗುವಿನ ಹಿಂದೆ ಮನುಷ್ಯನೂ ಇಳಿದು ಬಂದ.

ಅಂದಿನಿಂದ ಡಾಕ್ಟ್ರು ಒಂದು ಪದ್ಧತಿ ಮಾಡಿದರು. ಯಾವ ಮನೆಗೆ ಹೋದರೂ ಮೊದಲು ಅವರೇ ತೋಳು ಚಾಚುವುದು. ಎಲ್ಲರೆದುರು ನಾನು ಅವರಿಗೆ ಚುಚ್ಚಬೇಕು. ಜನ ಸುತ್ತ ನಿಂತು, "ಡಾಕ್ಟ್ರ ರಕ್ತವೂ ಕೆಂಪೇ" ಎಂದು ಸಮಾಧಾನಪಟ್ಟುಕೊಂಡ ಮೇಲೆ ತಮ್ಮ ತೋಳು ಕೊಡುತ್ತಿದ್ದರು. ಸಂಜೆಯ ಹೊತ್ತಿಗೆ ಡಾಕ್ಟ್ರ ಮುಖ ಸುಣ್ಣ ಬಳಿದ ಗೋಡೆಯ ಹಾಗೆ. ಉಡುಪಿಯ ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತಿನ್ನಿಸಿ ಸುಧಾರಿಸಬೇಕಿತ್ತು. ಕಿರಿಯರಿಗೆ ನಾನು ಹೇಳುವುದಿಷ್ಟು: ಅವರಿಂದ ನಾನು ಕಲಿತ ಪಾಠಗಳಲ್ಲಿ ಇದು ದೊಡ್ಡದು. ಕೇಳುವ ಮೊದಲು ಕೊಡಬೇಕು.

ಆದರೆ ರಕ್ತ ಕೂಡ ದಾರಿಯ ವಿಷಯ ಸರಿಯಾಗಿ ಬಾಯಿಬಿಡಲಿಲ್ಲ. ಜನ ಸಾವಿರಾರು ವರ್ಷ ಬೆರೆತಿದ್ದಾರೆ. ತಂದೆಯದು, ತಾಯಿಯದು ಎಲ್ಲ ಕಲಸಿಹೋಗಿದೆ. ಎಂಬತ್ತರ ದಶಕ ಅರ್ಧ ದಾಟಿದ ಮೇಲೆ ಒಂದು ದಿನ ಡಾಕ್ಟ್ರು ಮಕ್ಕಳ ಹಾಗೆ ಓಡುತ್ತ ಜೀಪಿನ ಹತ್ತಿರ ಬಂದರು. ಹೊಸ ವಿಧಾನ ಬಂದಿತ್ತು. ನಮ್ಮ ಶರೀರದ ಜೀವಕೋಶಗಳ ಒಳಗೆ ಒಂದು ಅಂಶ ಉಂಟು, ಅದು ತಾಯಿಯಿಂದ ಮಾತ್ರ ಬರುವುದು. ಮಗನಿಗೂ ಬರುತ್ತದೆ, ಮಗಳಿಗೂ ಬರುತ್ತದೆ. ಮುಂದಕ್ಕೆ ದಾಟಿಸುವವಳು ಮಗಳು ಮಾತ್ರ. ಆ ಎಳೆ ಹಿಡಿದು ಹಿಂದೆ ಹಿಂದೆ ಹೋದರೆ ಹೊರಟ ಜಾಗದವರೆಗೂ ಹೋಗಬಹುದು.

ಮೋನಪ್ಪಣ್ಣ ಕೇಳಿ ಮುಗಿಸುವ ಮೊದಲೇ ನಕ್ಕ. "ಇದೆಂತ ಹೊಸತು ಡಾಕ್ಟ್ರೇ? ಇದು ನಮ್ಮ ಬರಿ ಅಲ್ವಾ? ನನ್ನ ಬರಿ ನನ್ನ ತಾಯಿಯದ್ದು. ನನ್ನ ಮಕ್ಕಳಿಗೆ ನನ್ನದಲ್ಲ, ನನ್ನ ಹೆಂಡತಿಯದ್ದು."

ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಕುಲದ ಹೆಸರು ತಾಯಿಯ ಕಡೆಯಿಂದ ಇಳಿಯುತ್ತದೆ. ಅದಕ್ಕೆ ಬರಿ ಎಂದು ಹೆಸರು. ಮಗು ತಂದೆಯ ಮುದ್ದಿನದೇ ಇರಬಹುದು, ಬರಿ ಮಾತ್ರ ತಾಯಿಯ ಮನೆಯದು.

"ಅದೇ! ಸರಿಯಾಗಿ ಅದೇ!" ಎಂದು ಡಾಕ್ಟ್ರು ಬಾನೆಟ್ಟು ಕುಟ್ಟಿದರು. ಈ ಕುಟ್ಟಿದ್ದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ತೊಡಕು ಒಂದೇ. ಆ ಅಂಶವನ್ನು ತೆಗೆಯಲು ಅಂದಿನ ವಿಧಾನಕ್ಕೆ ಒಂದು ಹನಿ ರಕ್ತ ಸಾಲದು, ಒಂದಷ್ಟು ಮಾಂಸವೇ ಬೇಕು. ಬದುಕಿರುವವರಿಂದ ನೋವಿಲ್ಲದೆ ಸಿಗುವ ಮಾಂಸ ಯಾವುದು? ಹೆರಿಗೆಯ ಬೆನ್ನಿಗೆ ಬೀಳುವ ಮಾಸು. ಅದನ್ನು ಐಸಿನಲ್ಲಿಟ್ಟು ದೂರದ ಊರಿನ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಕಾರ್ಕಳದಿಂದ ಸಿಕ್ಕಿತು, ಪೆರ್ಡೂರಿನ ಕಡೆಯವರಿಂದಲೂ ಸಿಕ್ಕಿತು. ಅವರೆಲ್ಲ ಆಸ್ಪತ್ರೆಗೆ ಬಂದು ಹೆರುತ್ತಿದ್ದರು, ಮಾಸನ್ನು ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಸಿಗದಿದ್ದದ್ದು ಕಾಪುವಿನ ಮೀನುಗಾರರ ಮನೆಗಳದ್ದು. ನಮಗೆ ಪರಿಚಯವಿದ್ದ ಮನೆಗಳಲ್ಲಿ ಮಾಸನ್ನು ಅಂಗಳದಲ್ಲೇ, ಬಚ್ಚಲಿನ ಬಿಸಿನೀರು ಹರಿದುಹೋಗುವ ಕಡೆ ಹೂಳುತ್ತಿದ್ದರು. ಆಸ್ಪತ್ರೆಯಲ್ಲಿ ಹೆತ್ತರೂ ಅದನ್ನು ಕೇಳಿ ಮಡಕೆಯಲ್ಲಿ ತರುತ್ತಿದ್ದರು.

ಡಾಕ್ಟ್ರ ನಿವೃತ್ತಿ ಹತ್ತಿರ ಬಂದಿತ್ತು. ಪ್ರಯೋಗಾಲಯದವರು ಮಾದರಿಗಳನ್ನು ತೆಗೆದುಕೊಳ್ಳುವುದು ಆ ವರ್ಷಕ್ಕೆ ಕೊನೆ ಎಂದಿದ್ದರು. "ಒಂದು ಮನೆಯಿಂದ ತೀರ್ಮಾನ ಆಗುವುದಿಲ್ಲ, ನನಗೆ ಗೊತ್ತುಂಟು" ಎನ್ನುತ್ತಿದ್ದರು. "ಆದರೆ ಕಡಲ ಬದಿಯವರದ್ದು ಒಂದೂ ಇಲ್ಲದೆ ಕಡಲ ದಾರಿಯ ಮಾತು ಯಾವ ಮುಖದಲ್ಲಿ ಆಡುವುದು?" ಹೊರಗಿನಿಂದ ನೋಡಿದರೆ ಸಣ್ಣ ವಿಷಯ. ಅವರ ಆಯುಷ್ಯದ ಕೆಲಸ ಆ ಒಂದು ಮಾಸಿಗೆ ಬಂದು ನಿಂತಿತ್ತು.

ಕಾಪುವಿನಲ್ಲಿ ನನಗೆ ಸಲುಗೆ ಇದ್ದ ಮನೆ ಸೇಸಕ್ಕನದ್ದು. ಮೀನಿನ ಬುಟ್ಟಿ ಹೊತ್ತು ಮಾರುತ್ತಿದ್ದವಳು. ದನಿ ಎತ್ತಿದರೆ ದೋಣಿಯಲ್ಲಿದ್ದವರಿಗೂ ಕೇಳಬೇಕು. ಅವಳ ಮಗಳು ಲೀಲಾ ಚೊಚ್ಚಲು ಬಸುರಿಯಾಗಿ ತಾಯಿಮನೆಗೆ ಬಂದಿದ್ದಳು. ನಿಧಾನವಾಗಿ ಕೇಳೋಣ, ಅವಸರ ಮಾಡುವುದು ಬೇಡ ಎಂದು ಡಾಕ್ಟ್ರಿಗೆ ಹೇಳಿ, ನಾನು ತಂಗಿಯ ಮದುವೆಗೆಂದು ರಜೆ ಹಾಕಿದೆ.

ತಿರುಗಿ ಬಂದಾಗ ಘಟಕದಲ್ಲಿ ಬನ್ಸ್ ಹಂಚುತ್ತಿದ್ದರು.

"ವಸಂತಿ, ಕೆಲಸ ಆಯಿತು! ಒಪ್ಪಿಗೆ ಸಿಕ್ಕಿತು!"

"ಯಾರು ಒಪ್ಪಿದ್ದು ಡಾಕ್ಟ್ರೇ?"

"ಮನೆಯ ಹಿರಿಯರೇ. ಹುಡುಗಿಯ ಮಾವ, ಉದ್ಯಾವರದ ಐತಪ್ಪಣ್ಣ. ಎಂಥ ಒಳ್ಳೆಯ ಜನ ಮಾರಾಯ್ತಿ! 'ಅದಕ್ಕೆಂತ ಕೇಳುವುದು, ಕೊಂಡುಹೋಗಿ' ಅಂದರು. ಎಳನೀರೂ ಕೊಟ್ಟರು."

ನನ್ನ ಬಾಯಿಯ ಬನ್ಸ್ ಅಲ್ಲೇ ನಿಂತಿತು. ಮೋನಪ್ಪಣ್ಣ ಗೋಡೆಯ ಕಡೆ ತಿರುಗಿ ನಿಂತಿದ್ದ, ಅವನ ಹೆಗಲು ಕುಣಿಯುತ್ತಿತ್ತು. ತಾಯಿಯ ಎಳೆ, ತಾಯಿಯ ಎಳೆ ಎಂದು ಬಾನೆಟ್ಟು ಕುಟ್ಟಿದ ಮನುಷ್ಯ ಒಪ್ಪಿಗೆ ಕೇಳಲು ಹೋದದ್ದು ಗಂಡನ ಅಪ್ಪನ ಹತ್ತಿರ! ಕಿಣಿಯವರ ಮನೆಯ ರೂಢಿಯಲ್ಲಿ ಮಗು ತಂದೆಯ ಮನೆಯದು. ಪುಸ್ತಕದ ವಿದ್ಯೆ ತಲೆಗೆ ಹತ್ತಿತ್ತು, ಕಾಲು ಮಾತ್ರ ಹಳೆಯ ದಾರಿಯಲ್ಲೇ ನಡೆದಿತ್ತು. ಐತಪ್ಪಣ್ಣನೂ ಪಾಪ, ತನ್ನದಲ್ಲದ್ದನ್ನು ಕೊಡುವಾಗ ಯಾರ ಕೈ ತಾನೆ ಧಾರಾಳ ಆಗುವುದಿಲ್ಲ?

"ಸೇಸಕ್ಕನನ್ನು ಕೇಳಬೇಕು ಡಾಕ್ಟ್ರೇ. ನಾಳೆಯೇ ಹೋಗುತ್ತೇನೆ" ಎಂದೆ. ನಾಳೆ ಆಗುವ ಮೊದಲೇ ಲೀಲಾಳಿಗೆ ನೋವು ಶುರುವಾಯಿತೆಂದು ಕರೆ ಬಂತು. ಮೊದಲು ಮಲ್ಪೆಯ ಐಸಿನ ಕಾರ್ಖಾನೆಗೆ ನುಗ್ಗಿ ಪೆಟ್ಟಿಗೆ ತುಂಬಿಸಿಕೊಂಡು ಕಾಪುವಿಗೆ ಓಡಿದೆವು.

ಹೆರಿಗೆ ಸುಸೂತ್ರವಾಯಿತು. ಊರಿನ ಸೂಲಗಿತ್ತಿ ಅಜ್ಜಿಯ ಜತೆ ನಾನಿದ್ದೆ. ಆ ಗಡಿಬಿಡಿಯಲ್ಲಿ ಸೇಸಕ್ಕನನ್ನು ಕೇಳಲು ಹೊತ್ತೇ ಸಿಗಲಿಲ್ಲ. ಹೆಣ್ಣು ಮಗು, ಅಳು ಕೇಳಿ ಹೊರಗೆ ಮೋನಪ್ಪಣ್ಣ, "ದನಿ ಸೇಸಕ್ಕನದ್ದೇ" ಎಂದದ್ದು ಒಳಗೆ ಕೇಳಿಸಿತು. ನಾನು ತಾಯಿ ಮಗುವನ್ನು ನೋಡುತ್ತಿದ್ದಂತೆ ಅಜ್ಜಿ ಮಾಸಿನ ಮಡಕೆಯನ್ನು ಬಾಗಿಲಿಗೆ ಇಟ್ಟಳು. ಐತಪ್ಪಣ್ಣನ ಒಪ್ಪಿಗೆಯೇ ಸಾಕೆಂದು ಇನ್ನೂ ನಂಬಿದ್ದ ಡಾಕ್ಟ್ರು ಅದನ್ನು ಭಕ್ತಿಯಿಂದ ಎತ್ತಿ ಐಸಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ ಜೀಪಿನ ಕಡೆ ಹೆಜ್ಜೆ ಹಾಕಿದರು. ಅಷ್ಟರಲ್ಲಿ ಬಚ್ಚಲಿನ ಹಿಂದಿನಿಂದ ಸೇಸಕ್ಕ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಕೈಯಲ್ಲಿ ಮಣ್ಣು ಮೆತ್ತಿದ ಗುದ್ದಲಿ. ಗುಂಡಿ ತೋಡಿಯಾಗಿತ್ತು.

ಮಾತೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗುತ್ತದೆ.

"ಬಾಯಮ್ಮ, ಮಾಸು ಎಲ್ಲಿ?"

ನಾನು ಡಾಕ್ಟ್ರನ್ನು ನೋಡಿದೆ. ಅವರು ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು, "ಅದು... ಐತಪ್ಪಣ್ಣ ಕೊಂಡುಹೋಗಿ ಅಂದಿದ್ದರು" ಎಂದರು.

"ಐತಪ್ಪಣ್ಣನಾ? ಅವನು ಹೆತ್ತದ್ದಾ?"

ಜಗಲಿಯಲ್ಲಿ ಸೇರಿದ್ದ ಹೆಂಗಸರು ಕಿಸಕ್ಕೆಂದರು. ಸೇಸಕ್ಕ ನಗಲಿಲ್ಲ.

"ಇದು ನಮ್ಮ ಬರಿಯ ಮಗು. ಇದರದ್ದು ಏನಿದ್ದರೂ ಈ ಅಂಗಳದ್ದು. ಉದ್ಯಾವರದವರು ಬೇಕಿದ್ದರೆ ತೊಟ್ಟಿಲಿಗೆ ಹಗ್ಗ ಕೊಡಲಿ. ಡಾಕ್ಟ್ರೇ, ನನ್ನ ಅಣ್ಣ ತಮ್ಮಂದಿರದ್ದು ಎಲ್ಲ ಇಲ್ಲೇ ಉಂಟು. ಎಂಥ ಗಾಳಿಯಲ್ಲೂ ಕಡಲಿನಿಂದ ಮನೆಗೆ ಬಂದಿದ್ದಾರೆ. ಮಾಸು ಇದ್ದಲ್ಲಿಗೆ ಮನುಷ್ಯ ಬಂದೇ ಬರುತ್ತಾನೆ. ಇವಳದ್ದನ್ನು ನೀವು ಎಲ್ಲಿಯೋ ಕೊಂಡುಹೋದರೆ ಇವಳು ಯಾವ ಮನೆಗೆ ಬರುವುದು?"

ಜೀಪಿನ ಇಂಜಿನು ಓಡುತ್ತಿತ್ತು. ಮಂಗಳೂರಿನಿಂದ ಹೊರಡುವ ರೈಲಿಗೆ ಹೊತ್ತಾಗುತ್ತಿತ್ತು. ಪೆಟ್ಟಿಗೆ ಡಾಕ್ಟ್ರ ಕೈಯಲ್ಲೇ ಇತ್ತು. ನಾಲ್ಕು ಹೆಜ್ಜೆ ಹಾಕಿದ್ದರೆ ಯಾರೂ ಹಿಡಿಯುತ್ತಿರಲಿಲ್ಲ. ಅವರು ಜೀಪನ್ನು ನೋಡಿದರು, ಗುಂಡಿಯನ್ನು ನೋಡಿದರು. ಆಮೇಲೆ ಮೋನಪ್ಪಣ್ಣನಿಗೆ ಇಂಜಿನು ನಿಲ್ಲಿಸಲು ಸನ್ನೆ ಮಾಡಿ, ಬಚ್ಚಲಿನ ಬದಿಗೆ ನಡೆದು, ಪೆಟ್ಟಿಗೆಯನ್ನು ಗುಂಡಿಯ ಅಂಚಿನಲ್ಲಿಟ್ಟು ಮುಚ್ಚಳ ತೆಗೆದರು.

"ಕೇಳಬೇಕಾದವರನ್ನು ನಾನು ಕೇಳಲಿಲ್ಲ ಅಮ್ಮ. ಇದು ನಿಮ್ಮದು" ಎಂದರು.

ಸೇಸಕ್ಕ ಗುದ್ದಲಿ ಕೆಳಗಿಟ್ಟಳು. ಸಿಟ್ಟು ಇಳಿದ ಮೇಲೆ ಅವಳಿಗೆ ಕುತೂಹಲ ಬರುವುದು ರೂಢಿ.

"ಅಲ್ಲ, ನಿಮಗೆ ಇದು ಎಂತಕ್ಕೆ?"

ಡಾಕ್ಟ್ರು ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಅಂಗಳದ ಮರಳಿನ ಮೇಲೆ ಕಡ್ಡಿಯಿಂದ ನಕಾಶೆ ಬರೆದರು. ಬಾನೆಟ್ಟಿನ ಮೇಲೆ ಎಷ್ಟೋ ಸಲ ಬರೆದದ್ದೇ. ಆ ದಿನದಷ್ಟು ಚಂದ ಎಂದೂ ಬರೆದಿರಲಿಲ್ಲ. ಮೊದಲ ಮನೆ ಇಲ್ಲಿ. ಹೊರಟವರು ಹೀಗೆ ಬಂದಿರಬಹುದು, ಇಲ್ಲದಿದ್ದರೆ ಹೀಗೆ. ಹೆಂಗಸರೆಲ್ಲ ಬಗ್ಗಿ ನೋಡಿದರು.

"ಇದರಲ್ಲಿ ಕೇಳುವುದೆಂತ ಉಂಟು? ಕಡಲ ಬದಿಯಲ್ಲೇ ಬಂದದ್ದು" ಎಂದಳು ಸೇಸಕ್ಕ. "ಮಕ್ಕಳು ಮರಿ ಕಟ್ಟಿಕೊಂಡು ಕಾಡಿನ ಒಳಗೆ ಯಾರು ಹೋಗುತ್ತಾರೆ ಮಾರಾಯ್ರೆ? ಇಲ್ಲಿಯಾದರೆ ಇಳಿತದ ಹೊತ್ತಿಗೆ ಮರುವಾಯಿ ಚಿಪ್ಪು ಹೆಕ್ಕಿದರೂ ಹೊಟ್ಟೆ ತುಂಬುತ್ತದೆ."

"ನನ್ನ ಲೆಕ್ಕವೂ ಅದೇ ಅಮ್ಮ. ಆದರೆ ನಾನು ಹೇಳಿದರೆ ಸಾಲದು, ನೀವು ಹೇಳಿದರೂ ಸಾಲದು."

ಅವಳು ಕಡ್ಡಿ ಕಸಿದುಕೊಂಡು ನಕಾಶೆಯ ಮೊದಲ ಮನೆಯ ಮೇಲೆ ಇಟ್ಟಳು. "ಹಾಗಾದರೆ ಮೊದಲು ಹೊರಟವರ ಮಾಸು ಇಲ್ಲಿಯೇ ಉಳಿಯಿತಲ್ಲ?"

"ಹೌದು, ಅಲ್ಲಿಯೇ."

"ಮತ್ತೆ ಯಾರೂ ತಿರುಗಿ ಹೋಗಲಿಲ್ಲವಾ?"

ಡಾಕ್ಟ್ರು ನಕಾಶೆಯ ಮೇಲೆ ಬಗ್ಗಿದರು. "ಹೋದವರಿರಬಹುದು. ನಾವು ಹೋಗದವರ ಮಕ್ಕಳು" ಎಂದರು.

ಒಳಗಿನಿಂದ ಮಗು ಅತ್ತಿತು. ಸೇಸಕ್ಕ ಬಾಗಿಲಿಗೆ ಹೋಗಿ ಲೀಲಾಳ ಹತ್ತಿರ ಏನೋ ಕೇಳಿ ತಿರುಗಿ ಬಂದಳು.

"ಇಡೀ ಬೇಕಾ, ಒಂದು ತುಂಡು ಸಾಕಾ?"

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಇಡಿಯಾಗಿ ಕಳುಹಿಸಿ ಎಂದು ಪ್ರಯೋಗಾಲಯದವರು ಹೇಳಿದ್ದರು. ತುಂಡು ಸಾಕೇ ಎಂದು ಅಷ್ಟು ದಿನ ನಾವು ಅವರನ್ನು ಕೇಳಿರಲೇ ಇಲ್ಲ. "ತುಂಡು ಸಾಕಾಗುವ ಹಾಗೆ ನಾನು ಮಾಡುತ್ತೇನೆ" ಎಂದರು ಡಾಕ್ಟ್ರು.

"ಹಾಗಾದರೆ ಕೇಳಿ. ಲೀಲಾ ಕೊಡು ಅಂದಿದ್ದಾಳೆ. ಪರೀಕ್ಷೆ ಆದ ಮೇಲೆ ಉಳಿದದ್ದು ಇಲ್ಲಿಗೆ ಬರಬೇಕು. ಉಗುರಿನಷ್ಟಾದರೂ ಸರಿ. ಒಪ್ಪುತ್ತೀರಾ?"

"ಒಪ್ಪುತ್ತೇನೆ."

ನಾನು ಕತ್ತರಿಸಿ ಕೊಟ್ಟೆ. ಉಳಿದದ್ದು ಅರಸಿನದೊಂದಿಗೆ ಗುಂಡಿಗೆ ಹೋಯಿತು. ಸೇಸಕ್ಕ ನಮ್ಮ ಪೆಟ್ಟಿಗೆಗೆ ಕೈ ಹಾಕಿ, "ಹೀಗೆ ಐಸ್ ಹಾಕಿದರೆ ಬೂತಾಯಿ ಮೀನೂ ಕೆಡದೆ ಮೂಲ್ಕಿ ದಾಟುವುದಿಲ್ಲ" ಎಂದು ಬೈದು, ಮರದ ಹುಡಿ ತರಿಸಿ ತಾನೇ ಕಟ್ಟಿಕೊಟ್ಟಳು. ರೈಲು ಸಿಕ್ಕಿತು.

ವರದಿ ಬಂದದ್ದು ಡಾಕ್ಟ್ರು ನಿವೃತ್ತರಾಗಿ ಕೆಲವು ತಿಂಗಳಾದ ಮೇಲೆ. ಕಾಪುವಿನ ಎಳೆ ಬಹಳ ಹಳೆಯದಿರಬಹುದು. ಕಡಲ ದಾರಿಯನ್ನು ಅದು ಅಲ್ಲಗಳೆಯುವುದಿಲ್ಲ, ಹೌದು ಎನ್ನಲೂ ಸಾಲದು. ಅಷ್ಟೇ. ಡಾಕ್ಟ್ರು ಎರಡು ಸಲ ಓದಿ, "ಬಾಗಿಲು ಮುಚ್ಚಲಿಲ್ಲವಲ್ಲ" ಎಂದು ಕನ್ನಡಕ ತೆಗೆದಿಟ್ಟರು. ನಾನು ಬೇರೆ ಕಡೆ ನೋಡಿದೆ. ಇಂದು ವಿಜ್ಞಾನಿಗಳಲ್ಲಿ ಹಲವರು ಕಡಲ ದಾರಿಯ ಮಾತನ್ನು ಗಟ್ಟಿಯಾಗಿಯೇ ಆಡುತ್ತಾರೆ, ವಾದವೂ ನಡೆದಿದೆ. ಅದನ್ನು ಕೇಳಲು ಈಗ ಡಾಕ್ಟ್ರಿಲ್ಲ.

ಆದರೆ ವರದಿ ಬಂದ ಮೇಲೂ ಅವರು ಬೆನ್ನು ಹತ್ತಿ ಬಿಡದಿದ್ದದ್ದು ಇನ್ನೊಂದನ್ನು. ಉಳಿದ ಚೂರು ಹಿಂದೆ ಕಳುಹಿಸಿ ಎಂದು ಪ್ರಯೋಗಾಲಯಕ್ಕೆ ಬರೆದರು, ಮತ್ತೆ ಬರೆದರು, ಫೋನು ಮಾಡಿ ಬೈಸಿಕೊಂಡರು. ಅಂಥ ಪದ್ಧತಿ ಇಲ್ಲವಂತೆ. "ಇಲ್ಲದಿದ್ದರೆ ಈಗ ಶುರುಮಾಡಿ" ಎಂದರಂತೆ. ಕೊನೆಗೊಂದು ದಿನ ಅಂಚೆಯಲ್ಲಿ ಸಣ್ಣ ಗಾಜಿನ ಸೀಸೆ ಬಂತು. ಸ್ಪಿರಿಟ್ಟಿನಲ್ಲಿ ತೇಲುವ ಒಂದು ಚೂರು.

ಜೀಪು ಅಷ್ಟರಲ್ಲಿ ಗುಜರಿಗೆ ಹೋಗಿತ್ತು. ನಾನು, ಡಾಕ್ಟ್ರು, ಮೋನಪ್ಪಣ್ಣ ಬಸ್ಸಿನಲ್ಲಿ ಕಾಪುವಿಗೆ ಹೋದೆವು. ಡಾಕ್ಟ್ರು ಸೀಸೆಯನ್ನು ಅಂಗಿಯ ಕಿಸೆಯಲ್ಲಿಟ್ಟು ದಾರಿಯುದ್ದಕ್ಕೂ ಕೈ ಒತ್ತಿಕೊಂಡೇ ಇದ್ದರು. ಲೀಲಾಳ ಮಗಳು ಅಂಗಳದಲ್ಲಿ ತಪ್ಪು ಹೆಜ್ಜೆ ಹಾಕುತ್ತಿದ್ದಳು. ಸೇಸಕ್ಕ ಸೀಸೆಯ ಬಿರಡೆ ತೆಗೆದು ಮೂಸಿ ಮುಖ ಕಿವಿಚಿದಳು.

"ಇದಕ್ಕೆ ಸಾರಾಯಿ ಕುಡಿಸಿದ್ದೀರಾ?"

"ದೂರದ ಪ್ರಯಾಣ ಅಲ್ವಾ ಅಕ್ಕ" ಎಂದ ಮೋನಪ್ಪಣ್ಣ.

ಹಳೆಯ ಗುಂಡಿಯ ಜಾಗದಲ್ಲೇ ಡಾಕ್ಟ್ರು ಕೈಯಿಂದ ಮಣ್ಣು ಸರಿಸಿ ಆ ಚೂರನ್ನು ಇಟ್ಟು ಮುಚ್ಚಿದರು. ಸೇಸಕ್ಕ ಬಚ್ಚಲಿನಿಂದ ಒಂದು ಚೊಂಬು ಬಿಸಿನೀರು ತಂದು ಮೇಲೆ ಹೊಯ್ದಳು. ಮಣ್ಣಿನಿಂದ ಆವಿ ಎದ್ದಿತು.

"ಡಾಕ್ಟ್ರೇ, ನಿಮಗೆ ದಾರಿ ಸಿಕ್ಕಿತಾ?"

"ಇಲ್ಲ ಅಮ್ಮ. ಪೂರ್ತಿ ಸಿಗಲಿಲ್ಲ."

"ಅಯ್ಯೋ" ಎಂದಳು ಅವಳು, ನಿಜವಾಗಿ ಮರುಗಿ. ಆಮೇಲೆ ಚೊಂಬನ್ನು ಕವುಚಿಹಾಕಿ, ಒದ್ದೆ ನೆಲವನ್ನು ಅಂಗಾಲಿನಿಂದ ಮೆಲ್ಲಗೆ ಒತ್ತುತ್ತ, "ಇದಕ್ಕೆ ಸಿಕ್ಕಿತು ನೋಡಿ" ಎಂದಳು. "ಬನ್ನಿ, ಗಂಜಿ ಆಗಿದೆ."